ಒಂದೇ ಸಂಜೆಗೆ ನಾಲ್ಕು ಕರೆ: ಹತ್ತನೇ ತರಗತಿಯ ಹುಡುಗಿಯೊಬ್ಬಳ ಪ್ರಕರಣ

ಕುಂದಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದ ಹದಿನೈದು ವರ್ಷದ ಹುಡುಗಿಯ ಪ್ರಕರಣವಿದು. ಅವಳಿಗೆ ನಾನು ಗಣಿತ ಕಲಿಸುತ್ತಿದ್ದೆ, ತರಗತಿ ಶಿಕ್ಷಕಿಯೂ ಆಗಿದ್ದೆ. ಹೆಸರು ಮತ್ತು ಊರನ್ನು ಬಿಟ್ಟು ಉಳಿದುದನ್ನು ನಡೆದಂತೆಯೇ ಬರೆಯುತ್ತಿದ್ದೇನೆ. ಸೆಪ್ಟೆಂಬರ್ ಬಂತೆಂದರೆ ಇಂಥ ಮಗು ನಮ್ಮ ಬಹುಪಾಲು ಶಾಲೆಗಳಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಸಿಗುವ ಉತ್ತರ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: "ಎಸ್ಸೆಸ್ಸೆಲ್ಸಿ ಮುಗಿಯಲಿ, ಆಟ-ಕುಣಿತ ಎಲ್ಲ ಆಮೇಲೆ." ಈ ಉತ್ತರದಿಂದ ಮಗುವಿಗೆ ಒಳ್ಳೆಯದಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ಓದು, ಆಟ, ಕಲೆಗಳನ್ನು ಹೊಂದಿಸುವ ಹೊಣೆಯನ್ನು ನಾವು ಮಗುವಿನ ಹೆಗಲಿಗೆ ಹಾಕಿಬಿಟ್ಟಿದ್ದೇವೆ. ಅದು ದೊಡ್ಡವರು ಕುಳಿತು ಮಾಡಬೇಕಾದ ಕೆಲಸ.

ಹಿನ್ನೆಲೆ

ಹುಡುಗಿಯ ತಂದೆ ಬೆಂಗಳೂರಿನ ಹೋಟೆಲೊಂದರಲ್ಲಿ ದುಡಿಯುತ್ತಾರೆ. ಊರಿಗೆ ಬರುವುದು ಹಬ್ಬ-ಹರಿದಿನಕ್ಕೆ. ತಾಯಿ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಸುಲಿಯುತ್ತಾರೆ, ಸುಲಿದ ತೂಕದಷ್ಟೇ ಕೂಲಿ. ಮನೆಯಲ್ಲಿ ಅಜ್ಜಿ, ಏಳನೇ ತರಗತಿಯ ತಮ್ಮ ಮತ್ತು ಕರೆಯುವ ಒಂದು ಹಸು. ಒಂಬತ್ತನೇ ತರಗತಿಯನ್ನು ಅವಳು ಶೇಕಡಾ 78 ಅಂಕ ಪಡೆದು ಮುಗಿಸಿದ್ದಳು. ಗಣಿತದಲ್ಲಿ ಚುರುಕು, ಇಂಗ್ಲಿಷಿನಲ್ಲಿ ಸ್ವಲ್ಪ ಹಿಂದೆ.

ಚಿಕ್ಕ ಶಾಲೆಯಲ್ಲಿ ಚುರುಕಾದ ಮಗುವಿಗೆ ಒಂದು ಕಷ್ಟವಿದೆ. ಇಲಾಖೆಯಿಂದ ಯಾವ ಸುತ್ತೋಲೆ ಬಂದರೂ ಎಲ್ಲರಿಗೂ ಮೊದಲು ನೆನಪಾಗುವುದು ಅದೇ ಮಗುವಿನ ಹೆಸರು. ಇವಳು ಥ್ರೋಬಾಲ್ ತಂಡದ ನಾಯಕಿ. ಯಕ್ಷಗಾನದಲ್ಲಿ ಮೂರನೇ ವರ್ಷದ ವಿದ್ಯಾರ್ಥಿನಿ. ಉಡುಪಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಗುರುಗಳನ್ನು ಕಳುಹಿಸಿ ಯಕ್ಷಗಾನ ಕಲಿಸುತ್ತದೆ. ಕಲಿತ ಮಕ್ಕಳು ವರ್ಷದ ಕೊನೆಗೆ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ರಂಗಕ್ಕೆ ಬರುತ್ತಾರೆ. ಆ ವರ್ಷ ಇವಳಿಗೆ ಅಭಿಮನ್ಯುವಿನ ವೇಷ. ಯಕ್ಷಗಾನದಿಂದ ಮಾತು ಹರಿತವಾಗಿತ್ತು, ಹಾಗಾಗಿ ಪ್ರತಿಭಾ ಕಾರಂಜಿಯ ಆಶುಭಾಷಣಕ್ಕೂ ಇವಳೇ. ಜನಪದ ನೃತ್ಯದ ಗುಂಪಿಗೆ ಒಬ್ಬಳು ಕಡಿಮೆ ಬಿದ್ದಾಗ ಅಲ್ಲಿಗೂ ಇವಳದೇ ಹೆಸರು ಹೋಯಿತು.

ಇದರ ಮೇಲೆ ಹತ್ತನೇ ತರಗತಿಯ ವಿಶೇಷ ತರಗತಿಗಳು, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ.

ಸೆಪ್ಟೆಂಬರ್ ಎರಡನೇ ವಾರ

ವರ್ಷದ ನಡುನಡುವೆ ಶಾಲೆಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ ಎರಡನೆಯದರ ಗಣಿತ ಕಿರುಪರೀಕ್ಷೆಯಲ್ಲಿ ಅವಳಿಗೆ 20ಕ್ಕೆ 7 ಬಂತು. ಮೊದಲನೆಯದರಲ್ಲಿ 16 ಬಂದಿತ್ತು. ಅಂಕದ ಲೆಕ್ಕಕ್ಕೆ ಇದು ದೊಡ್ಡ ನಷ್ಟವಲ್ಲ. ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು ತಲಾ 50 ಅಂಕದವು, ಒಟ್ಟು 200. ಅದನ್ನು 20ಕ್ಕೆ ಇಳಿಸಿ ಆಂತರಿಕ ಅಂಕ ಕೊಡುತ್ತೇವೆ. ಆ ಒಂಬತ್ತು ಅಂಕ ಹೋದದ್ದರಿಂದ ಕೊನೆಯ ಅಂಕಪಟ್ಟಿಯಲ್ಲಿ ತಪ್ಪುವುದು ಒಂದು ಅಂಕಕ್ಕಿಂತ ಕಡಿಮೆ.

ನನ್ನನ್ನು ತಡೆದು ನಿಲ್ಲಿಸಿದ್ದು ಉತ್ತರಪತ್ರಿಕೆ. ಥೇಲ್ಸ್ ಪ್ರಮೇಯವನ್ನು (ತ್ರಿಭುಜದ ಒಂದು ಬಾಹುವಿಗೆ ಎಳೆದ ಸಮಾಂತರ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎಂಬುದನ್ನು) ಸಾಧಿಸಲು ಕೇಳಿದ್ದೆ. ಹೇಳಿಕೆಯನ್ನು ಅಚ್ಚುಕಟ್ಟಾಗಿ ಬರೆದಿದ್ದಳು. ಚಿತ್ರ ಸರಿಯಾಗಿತ್ತು, ಸಮಾಂತರ ರೇಖೆಗೆ ಬಾಣದ ಗುರುತೂ ಇತ್ತು. ದತ್ತ, ಸಾಧನೀಯ, ರಚನೆ ಮೂರೂ ಇದ್ದವು. 'ಸಾಧನೆ' ಎಂದು ಬರೆದು ಅಡಿಗೆರೆ ಎಳೆದ ಮೇಲೆ ಪುಟ ಖಾಲಿ. ಗೊತ್ತಿಲ್ಲದ ಮಗು ಹೀಗೆ ಬರೆಯುವುದಿಲ್ಲ. ಬಾಯಿಪಾಠ ಮಾಡಿದ ಮಗು ಸಾಧನೆಯ ನಡುವೆ ಎಲ್ಲೋ ತಪ್ಪುತ್ತದೆ, ಆರಂಭದಲ್ಲಿ ಅಲ್ಲ. ಆ ಪಾಠದ ಮೊದಲ ದಿನ ಅವಳು ತರಗತಿಯಲ್ಲಿದ್ದಳು. ತ್ರಿಭುಜಗಳ ವಿಸ್ತೀರ್ಣದ ಅನುಪಾತವನ್ನು ಹಿಡಿದು ಸಾಧನೆಯನ್ನು ಕಟ್ಟಿದ ಎರಡನೇ ದಿನ ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೋಗಿದ್ದಳು. ಹಾಜರಿ ಪುಸ್ತಕ ತೆಗೆದು ನೋಡಿದಾಗ ಇದು ಖಚಿತವಾಯಿತು. ಇಲಾಖೆಯ ಕ್ರೀಡಾಕೂಟಕ್ಕೆ ಹೋದ ದಿನಕ್ಕೆ ಹಾಜರಿ ಕೊಡುತ್ತೇವೆ. ತಪ್ಪಿದ ಪಾಠವನ್ನು ಯಾರು, ಯಾವಾಗ ಕೊಡಬೇಕು ಎಂಬುದು ಎಲ್ಲಿಯೂ ಬರೆದಿರಲಿಲ್ಲ.

ಅದೇ ವಾರ ಇನ್ನೊಂದು ಸಂಗತಿ ಹೊರಬಿತ್ತು. ಒಂದು ಗುರುವಾರ ಸಂಜೆ ಅವಳು ದೈಹಿಕ ಶಿಕ್ಷಣ ಶಿಕ್ಷಕರಿಗೆ ವಿಶೇಷ ತರಗತಿಯಿದೆ ಎಂದಿದ್ದಳು, ನನಗೆ ಥ್ರೋಬಾಲ್ ಅಭ್ಯಾಸವಿದೆ ಎಂದಿದ್ದಳು, ಯಕ್ಷಗಾನದ ಗುರುಗಳಿಗೆ ಜ್ವರವೆಂದು ಗೆಳತಿಯ ಕೈಯಲ್ಲಿ ಹೇಳಿಕಳುಹಿಸಿದ್ದಳು. ಮರುದಿನ ಶಿಕ್ಷಕರ ಕೊಠಡಿಯಲ್ಲಿ ನಾವು ಮಾತಾಡಿಕೊಂಡಾಗ ಮೂರು ಕಾರಣಗಳೂ ಎದುರುಬದುರಾದವು. "ಹೊಗಳಿ ಹೊಗಳಿ ತಲೆಗೇರಿದೆ", "ಈಗಲೇ ಸುಳ್ಳು ಕಲಿತರೆ ಮುಂದೆ ಏನು ಗತಿ" ಎಂಬ ಮಾತುಗಳು ಬಂದವು. ಅವಳನ್ನು ಕರೆದು ಕೇಳಿದೆ. ಅವಳು ಆ ಸಂಜೆ ನಾಲ್ಕೂವರೆಯ ಬಸ್ಸು ಹಿಡಿದು ಮನೆಗೆ ಹೋಗಿ ಮಲಗಿದ್ದಳು. ಅಷ್ಟೇ. ತಾಯಿ ಬಂದು ಎಬ್ಬಿಸುವವರೆಗೆ ಎಚ್ಚರವೇ ಆಗಿರಲಿಲ್ಲವಂತೆ.

ಇದನ್ನು ಸುಳ್ಳಿನ ಪ್ರಕರಣ ಎಂದು ದಾಖಲಿಸಲು ನನಗೆ ಮನಸ್ಸು ಬರಲಿಲ್ಲ. ಮೂವರು ಹಿರಿಯರು ಒಂದೇ ಸಂಜೆಯನ್ನು ಕೇಳಿದ್ದರು, ಮೂವರಿಗೂ 'ಆಗುವುದಿಲ್ಲ' ಎನ್ನುವ ಧೈರ್ಯ ಮಗುವಿಗಿರಲಿಲ್ಲ. ಒಬ್ಬರಿಗೆ ಇನ್ನೊಬ್ಬರ ಹೆಸರು ಹೇಳಿ ತಪ್ಪಿಸಿಕೊಂಡಿದ್ದಳು.

ಕ್ಯಾಲೆಂಡರಿನ ಹಿಂಬದಿ

ಹಳೆಯ ಗೋಡೆ ಕ್ಯಾಲೆಂಡರಿನ ಒಂದು ಹಾಳೆಯ ಹಿಂಬದಿಯಲ್ಲಿ ಸೆಪ್ಟೆಂಬರಿನ ಉಳಿದ ದಿನಗಳನ್ನು ಗೆರೆ ಹಾಕಿ ಬರೆದೆವು, ಅವಳೂ ನಾನೂ ಜೊತೆಯಾಗಿ ಕುಳಿತು. ಯಾರು ಯಾವ ದಿನ ಯಾವ ಹೊತ್ತಿಗೆ ಕರೆದಿದ್ದಾರೆ ಎಂಬುದು ಮಾತ್ರ. ಗುರುವಾರದ ಮನೆಯೊಳಗೆ ನಾಲ್ಕು ಬರಹ ತುಂಬಿಕೊಂಡಿದ್ದವು: ವಿಶೇಷ ತರಗತಿ, ಥ್ರೋಬಾಲ್, ಯಕ್ಷಗಾನ, ನೃತ್ಯ. ನಾಲ್ಕೂ ಶಾಲೆ ಬಿಟ್ಟ ಹೊತ್ತಿನಿಂದ ಅವಳ ಊರಿನ ಕೊನೆಯ ಬಸ್ಸು ಹೊರಡುವ ಆರೂಕಾಲರ ನಡುವೆ.

ಯಕ್ಷಗಾನ ಗುರುವಾರಕ್ಕೆ ಹೇಗೆ ಬಂತು? ಅದು ಶನಿವಾರ ಮಧ್ಯಾಹ್ನದ ತರಗತಿ. ಹುಡುಕಿದರೆ ಬೇರು ಜುಲೈಯಲ್ಲಿತ್ತು. ಕರಾವಳಿಯಲ್ಲಿ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ, ಘೋಷಿಸಲೇಬೇಕು. ಸಂಕ, ಅಂದರೆ ಹಳ್ಳದ ಮೇಲಿನ ಕಿರುಸೇತುವೆ, ದಾಟಿ ಬರುವ ಮಕ್ಕಳಿದ್ದಾರೆ. ಆ ರಜೆಗಳನ್ನು ತುಂಬಿಕೊಡಲು ಶನಿವಾರ ಪೂರ್ತಿ ದಿನ ಶಾಲೆ ನಡೆಸುತ್ತೇವೆ. ಶನಿವಾರದ ಮಧ್ಯಾಹ್ನ ಹೋದ ಕೂಡಲೇ ಯಕ್ಷಗಾನದ ಗುರುಗಳು, ಹಲವು ಶಾಲೆಗಳನ್ನು ಸುತ್ತುವವರು, ತಮಗೆ ಬಿಡುವಿದ್ದ ಗುರುವಾರಕ್ಕೆ ಬಂದರು. ಥ್ರೋಬಾಲ್ ಮೊದಲಿಂದಲೂ ಗುರುವಾರವಿತ್ತು. ನೃತ್ಯದವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಯಾರೂ ತಪ್ಪು ಮಾಡಿರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಪುಸ್ತಕ ನೋಡಿಯೇ ಸಮಯ ಕೊಟ್ಟಿದ್ದರು. ಎಲ್ಲ ಪುಸ್ತಕಗಳೂ ಸೇರುವ ಜಾಗ ಆ ಹುಡುಗಿಯ ತಲೆ ಮಾತ್ರ ಆಗಿತ್ತು.

ಹಾಳೆಯ ಅಂಚಿನಲ್ಲಿ ಅವಳು ತಾನಾಗಿಯೇ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಬರೆದಳು: "ಹಾಲು, ಅನ್ನ, ಹಟ್ಟಿ." ಏಳಕ್ಕೆ ಮನೆ ಸೇರಿದ ಮೇಲೆ ಅನ್ನಕ್ಕೆ ಇಡಬೇಕು, ಹಟ್ಟಿ (ದನದ ಕೊಟ್ಟಿಗೆ) ಬಾಚಬೇಕು, ಬೆಳಿಗ್ಗೆ ಡೇರಿಗೆ ಹಾಲು ಕೊಟ್ಟು ಬರಬೇಕು. ಅಜ್ಜಿಗೆ ಬಗ್ಗಲಾಗುವುದಿಲ್ಲ. ಪುಸ್ತಕ ತೆರೆಯುವಾಗ ರಾತ್ರಿ ಒಂಬತ್ತೂವರೆ, ಮುಚ್ಚುವಾಗ ಹನ್ನೊಂದೂವರೆ, ಏಳುವುದು ಐದಕ್ಕೆ. ಈ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆನ್ನುತ್ತಾರೆ ವೈದ್ಯರು. ಇವಳಿಗೆ ಸಿಗುತ್ತಿದ್ದದ್ದು ಐದೂವರೆ. ನಮ್ಮ ಶಾಲೆಯಲ್ಲಿ ಯಾರೂ ಈ ಸಾಲನ್ನು ಚಟುವಟಿಕೆ ಎಂದು ಎಣಿಸಿಯೇ ಇರಲಿಲ್ಲ. ಆಟ ಬಿಡಿಸಿದರೆ ಓದಲು ಸಮಯ ಸಿಗುತ್ತದೆ ಎಂದು ವಾದಿಸುವವರು ಈ ಸಾಲನ್ನು ಓದಬೇಕು. ಆಟ ಬಿಟ್ಟ ಹುಡುಗಿಯ ಸಂಜೆ ಓದಿಗೆ ಹೋಗುತ್ತದೆ ಎಂಬ ಖಾತರಿ ಯಾರ ಬಳಿಯೂ ಇಲ್ಲ.

ಎಲ್ಲ ಗಂಟೆಗಳೂ ಒಂದೇ ಅಲ್ಲ

ಹಾಳೆ ಮುಂದಿಟ್ಟುಕೊಂಡು ನೋಡುವಾಗ ನನಗೆ ಹೊಳೆದ ಮುಖ್ಯ ಸಂಗತಿಯಿದು. ಗಂಟೆ ಲೆಕ್ಕ ಹಾಕಿದರೆ ಎಲ್ಲವೂ ಒಂದೇ ತೂಕದವು: ಅರ್ಧ ಗಂಟೆ ಇಲ್ಲಿಂದ ತೆಗೆದು ಅಲ್ಲಿಗೆ ಹಾಕಬಹುದು ಎನ್ನಿಸುತ್ತದೆ. ಆದರೆ ಒಂದೊಂದು ಕೆಲಸದ ಸ್ವಭಾವ ಒಂದೊಂದು ತರಹ.

ಥ್ರೋಬಾಲ್ ತಾರೀಕಿಗೆ ಕಟ್ಟುಬಿದ್ದದ್ದು. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಸೋತರೆ ಆ ದಿನವೇ ಮುಗಿಯುತ್ತದೆ, ಗೆದ್ದರೆ ಮುಂದಿನ ತಾರೀಕು ಹತ್ತಿರದಲ್ಲೇ ಇರುತ್ತದೆ. ಆ ತಾರೀಕು ನಮ್ಮ ಕೈಯಲ್ಲಿಲ್ಲ. ಏಳು ಜನ ಆಡುವ ಆಟದಲ್ಲಿ ಒಬ್ಬಳು ಬರದಿದ್ದರೆ ಉಳಿದ ಆರು ಜನರ ಅಭ್ಯಾಸವೂ ಕೆಡುತ್ತದೆ. ಇದನ್ನು ಮುಂದೂಡಲಾಗುವುದಿಲ್ಲ.

ಯಕ್ಷಗಾನ ಹಾಗಲ್ಲ. ಮೂರು ವರ್ಷ ಹಾಕಿದ ಹೆಜ್ಜೆ ಮೂರು ವಾರ ಬಿಟ್ಟರೆ ಮರೆಯುವುದಿಲ್ಲ, ಕಾಲಿಗೆ ತಾಳ ಗೊತ್ತಿರುತ್ತದೆ. ಪ್ರದರ್ಶನವಿದ್ದದ್ದು ಡಿಸೆಂಬರಿನಲ್ಲಿ. ಪದ್ಯಕ್ಕೆ ಸರಿಯಾಗಿ ಅರ್ಥ ಹೇಳುವುದು, ಎದುರು ವೇಷದವರೊಂದಿಗೆ ಹೊಂದಿಕೆ, ಇವು ರಂಗಕ್ಕೆ ಹತ್ತಿರವಾದಷ್ಟೂ ಹೆಚ್ಚು ಬೇಕಾಗುತ್ತವೆ. ಸೆಪ್ಟೆಂಬರಿನಲ್ಲಿ ಸಡಿಲಿಸಿ ದಸರಾ ರಜೆಯಲ್ಲಿ ಬಿಗಿಗೊಳಿಸಬಹುದು. ಇನ್ನೊಂದು ಕಾರಣವೂ ಇತ್ತು. ಅಭಿಮನ್ಯುವಿನ ಪಾತ್ರಕ್ಕೆ ಮಂಡಿ ಹಾಕಿ ಸುತ್ತುವ ಅಭ್ಯಾಸ ಬೇಕು. ಅವಳ ಎರಡೂ ಮಂಡಿಗಳು ನೀಲಿಗಟ್ಟಿದ್ದನ್ನು ಮೊದಲು ಗಮನಿಸಿದವರು ದೈಹಿಕ ಶಿಕ್ಷಣ ಶಿಕ್ಷಕರು. ಅದೇ ಕಾಲಿನಲ್ಲಿ ಸಂಜೆ ಮುರಕಲ್ಲಿನ (ಕೆಂಪುಕಲ್ಲಿನ) ಮೈದಾನದಲ್ಲಿ ಜಿಗಿದು ಚೆಂಡು ಹಿಡಿಯಬೇಕಿತ್ತು.

ಆಶುಭಾಷಣಕ್ಕೆ ತಯಾರಿ ಬೇಕಾಗಿಲ್ಲ, ಆದರೆ ಒಂದು ಇಡೀ ದಿನ ಹೋಗುತ್ತದೆ. ಸಮೂಹ ನೃತ್ಯಕ್ಕೆ ತಯಾರಿಯೂ ಬೇಕು, ದಿನವೂ ಹೋಗುತ್ತದೆ.

ಓದಿನಲ್ಲೂ ಇಂಥದೇ ವ್ಯತ್ಯಾಸವಿದೆ, ಅದನ್ನು ಪೋಷಕರಿಗೆ ನಾವು ಹೇಳುವುದು ಕಡಿಮೆ. ಸಮಾಜ ವಿಜ್ಞಾನದ ಒಂದು ಅಧ್ಯಾಯ ತಪ್ಪಿದರೆ ಮಗು ಒಂದು ಭಾನುವಾರ ಕುಳಿತು ತಾನೇ ಓದಿಕೊಳ್ಳಬಹುದು. ಗಣಿತದಲ್ಲಿ ಥೇಲ್ಸ್ ಪ್ರಮೇಯದ ಸಾಧನೆ ತಪ್ಪಿದರೆ ಮುಂದೆ ಬರುವ ಸಮರೂಪ ತ್ರಿಭುಜಗಳ ಪ್ರಮೇಯ ಅರ್ಥವಾಗುವುದಿಲ್ಲ, ಅದರ ಮೇಲೆ ನಿಂತ ಲೆಕ್ಕಗಳೂ ಅರ್ಥವಾಗುವುದಿಲ್ಲ. ಹೆಣಿಗೆಯಲ್ಲಿ ಒಂದು ಹೊಲಿಗೆ ಜಾರಿದರೆ ಉಳಿದ ಸಾಲುಗಳೂ ಬಿಚ್ಚಿಕೊಳ್ಳುತ್ತವಲ್ಲ, ಹಾಗೆ. ಆದ್ದರಿಂದ ಅವಳಿಗೆ "ಹೆಚ್ಚು ಓದು" ಎಂದು ಹೇಳುವುದರಲ್ಲಿ ಅರ್ಥವಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತಪ್ಪಿದ ಆ ಎರಡು ಮೂರು ಪಾಠಗಳು, ಅದೂ ಬೇಗ.

ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ

ಮುಖ್ಯೋಪಾಧ್ಯಾಯರು ಎಲ್ಲರನ್ನೂ ಒಂದೇ ಹೊತ್ತಿಗೆ ಕರೆಸಲು ಒಪ್ಪಿದರು. ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದರು. ಕುಳಿತುಕೊಳ್ಳುವ ಮೊದಲೇ ಅವರು, "ಮೇಡಂ, ಎಲ್ಲವನ್ನೂ ಬಿಡಿಸಿಬಿಡಿ, ಇವಳು ಒಳ್ಳೆಯ ಅಂಕ ತೆಗೆದರೆ ಸಾಕು" ಎಂದರು. ದೈಹಿಕ ಶಿಕ್ಷಣ ಶಿಕ್ಷಕರು ಜಿಲ್ಲಾ ಪಂದ್ಯಕ್ಕೆ ಕೆಲವೇ ದಿನ ಉಳಿದಿರುವಾಗ ನಾಯಕಿಯನ್ನು ಬಿಟ್ಟುಕೊಡಲಾರರು. ಯಕ್ಷಗಾನದ ಗುರುಗಳು ಹೆಚ್ಚು ಮಾತಾಡಲಿಲ್ಲ. ಈ ಹುಡುಗಿಗಾಗಿಯೇ ಆ ಪ್ರಸಂಗ ಆರಿಸಿದ್ದೆ ಎಂದಷ್ಟೇ ಹೇಳಿದರು. ಅವರ ಮುಖ ನೋಡಿ ನನಗೂ ಸಂಕಟವಾಯಿತು.

ಮಾತಿನ ನಡುವೆ ಮುಖ್ಯೋಪಾಧ್ಯಾಯರು ತಾಯಿಗೆ ಒಂದು ವಿಷಯ ತಿಳಿಸಿದರು. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡೆಯಲ್ಲೋ ಕಲೆಯಲ್ಲೋ ಮೇಲೆ ಬಂದ ಮಕ್ಕಳನ್ನು ದತ್ತು ಯೋಜನೆಯಲ್ಲಿ ಸೇರಿಸಿಕೊಂಡು ಉಚಿತವಾಗಿ ಓದಿಸುತ್ತವೆ. ಆಟ ಎಂದರೆ ಓದಿಗೆ ಅಡ್ಡಿ ಎಂದೇ ತಿಳಿದಿದ್ದ ತಾಯಿಗೆ ಇದು ಹೊಸ ಸುದ್ದಿ. ನಾನು ಇದನ್ನು ದೊಡ್ಡ ಆಸೆಯಾಗಿ ಬಿತ್ತಲು ಇಷ್ಟಪಡಲಿಲ್ಲ, ಏಕೆಂದರೆ ಆ ಅವಕಾಶ ಸಿಗುವುದು ಕೆಲವರಿಗೆ ಮಾತ್ರ. ಆದರೂ ತಾಯಿಯ ದನಿ ಸ್ವಲ್ಪ ಮೆತ್ತಗಾಯಿತು.

ಎಲ್ಲರೂ ಹೇಳಿ ಮುಗಿಸಿದ ಮೇಲೆ ಹುಡುಗಿಯನ್ನು ಕೇಳಿದೆವು: "ನಿನಗೆ ಯಾವುದು ಭಾರ?" ಥ್ರೋಬಾಲ್ ಅಥವಾ ಯಕ್ಷಗಾನ ಎನ್ನುತ್ತಾಳೆ ಎಂದು ನಾವೆಲ್ಲ ಕಾದಿದ್ದೆವು. ಅವಳು ಬಿಡಬೇಕೆಂದದ್ದು ಆಶುಭಾಷಣ ಮತ್ತು ನೃತ್ಯವನ್ನು. ಎರಡಕ್ಕೂ ಅವಳು ತಾನಾಗಿ ಹೆಸರು ಕೊಟ್ಟಿರಲಿಲ್ಲ. ಕನ್ನಡ ಮೇಡಂ ಎಂದರೆ ಅವಳಿಗೆ ಪ್ರಾಣ. ಅವರು ಕೇಳಿದಾಗ ಇಲ್ಲವೆನ್ನಲು ನಾಲಿಗೆ ಏಳಲಿಲ್ಲವಂತೆ. ಜೂನ್ ತಿಂಗಳಿನಿಂದ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಆಮೇಲಿನದು ಬೇಗ ಮುಗಿಯಿತು. ಆಶುಭಾಷಣಕ್ಕೆ ಒಂಬತ್ತನೇ ತರಗತಿಯ, ಅದುವರೆಗೆ ವೇದಿಕೆಯನ್ನೇ ಹತ್ತದ ಹುಡುಗಿಯೊಬ್ಬಳನ್ನು ಕಳುಹಿಸುವುದೆಂದು ಕನ್ನಡ ಶಿಕ್ಷಕಿಯೇ ಸೂಚಿಸಿದರು. ಅರ್ಧವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಯಕ್ಷಗಾನ ಭಾನುವಾರ ಬೆಳಿಗ್ಗೆ ಮಾತ್ರ, ಮಂಡಿ ಹಾಕುವ ಅಭ್ಯಾಸ ಬೇಡ. ಗುರುಗಳು ಪದ್ಯಗಳನ್ನು ಹಾಡಿ ತಾಯಿಯ ಮೊಬೈಲಿಗೆ ಕಳುಹಿಸುವುದು, ಅನ್ನ ಬೇಯುವಾಗ ಅವಳು ಅದನ್ನು ಕೇಳಿ ಅರ್ಥ ಹೇಳಿಕೊಳ್ಳುವುದು. ಥ್ರೋಬಾಲ್ ಅಭ್ಯಾಸವನ್ನು ಸಂಜೆಯಿಂದ ಬೆಳಗಿಗೆ ತಂದು, ಆ ದಿನಗಳಲ್ಲಿ ತಂಡದ ಮಕ್ಕಳಿಗೆ ಬೆಳಗಿನ ವಿಶೇಷ ತರಗತಿಯಿಂದ ವಿನಾಯಿತಿ ಕೊಟ್ಟರು. ಬಿಸಿಯೂಟದ ನಂತರದ ಬಿಡುವಿನಲ್ಲಿ ನಾನು ತ್ರಿಭುಜಗಳನ್ನು ಮೊದಲಿನಿಂದ ಹೇಳಿಕೊಡುವುದು, ಅವಳಿಗೊಬ್ಬಳಿಗೇ ಅಲ್ಲ, ಪಂದ್ಯಕ್ಕೆ ಹೋಗಿ ಪಾಠ ತಪ್ಪಿದ ಎಲ್ಲರಿಗೂ.

ಮನೆಯ ಕೆಲಸದ ಮಾತು ಎತ್ತಿದಾಗ ಕೊಠಡಿ ತಣ್ಣಗಾಯಿತು. ಅದು ಶಾಲೆಯ ವಿಷಯವಲ್ಲ ಎಂಬುದು ಎಲ್ಲರ ಮುಖದಲ್ಲಿತ್ತು. ಬೆಳಿಗ್ಗೆ ಹಾಲು ಕೊಟ್ಟು ಬರುವ ಕೆಲಸವನ್ನು ತಮ್ಮ ಮಾಡಬಹುದಲ್ಲ ಎಂದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಒಪ್ಪಬೇಕು" ಎಂದರು. ಗಂಡುಮಗು ಹಾಲಿನ ಕ್ಯಾನು ಹಿಡಿದು ಹೋಗುವುದು ಅಜ್ಜಿಗೆ ಸರಿಬರುವುದಿಲ್ಲ. ಕೊನೆಗೆ ಪರೀಕ್ಷೆ ಮುಗಿಯುವವರೆಗೆ ಎಂದು ಒಪ್ಪಿಗೆಯಾಯಿತು. ಹಟ್ಟಿ ಮತ್ತು ಅನ್ನ ಅವಳಿಗೇ ಉಳಿದವು.

ಏನಾಯಿತು

ಜಿಲ್ಲಾ ಪಂದ್ಯ ಸಮಾಜ ವಿಜ್ಞಾನ ಪರೀಕ್ಷೆಯ ಹಿಂದಿನ ದಿನ ಬಿತ್ತು. ಅಂತಿಮ ಪಂದ್ಯದವರೆಗೆ ಹೋಗಿ ಸೋತರು. ವಿಭಾಗ ಮಟ್ಟ ತಪ್ಪಿತು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಅವಳಿಗೆ 80ಕ್ಕೆ 49 ಬಂತು. ಅವಳ ಶಕ್ತಿಗೆ ಇದು ಕಡಿಮೆಯೇ. ಆದರೆ ಅದೇ ಪತ್ರಿಕೆಯಲ್ಲಿ ಪ್ರಮೇಯದ ಸಾಧನೆ ಕೊನೆಯ ಸಾಲಿನವರೆಗೆ ಇತ್ತು. ಅಂಕ ಹೋದದ್ದು ಸಮಾಂತರ ಶ್ರೇಢಿಯ ಲೆಕ್ಕಗಳಲ್ಲಿ, ಸೂತ್ರ ಸರಿಯಾಗಿ ಹಾಕಿ ಕೂಡುವಾಗ ಎಡವಿ. ಅಂಥ ತಪ್ಪಿಗೆ ಮದ್ದು ಸುಲಭ.

ದಸರಾ ರಜೆಯಲ್ಲಿ ಯಕ್ಷಗಾನದ ಅಭ್ಯಾಸ ದಿನವೂ ನಡೆಯಿತು. ಡಿಸೆಂಬರಿನಲ್ಲಿ ಅವಳು ಕೇದಗೆ ಮುಂದಲೆ ಎಂಬ ಯಕ್ಷಗಾನದ ತಲೆಯ ಕಟ್ಟು ಕಟ್ಟಿಕೊಂಡು ರಂಗಕ್ಕೆ ಬಂದಾಗ ತಾಯಿ ಮೊದಲ ಸಾಲಿನಲ್ಲಿದ್ದರು, ತಂದೆಯೂ ರಜೆ ಹಾಕಿ ಬಂದಿದ್ದರು. ಆಶುಭಾಷಣಕ್ಕೆ ಹೋದ ಒಂಬತ್ತನೇ ತರಗತಿಯ ಹುಡುಗಿಗೆ ಬಹುಮಾನ ಬರಲಿಲ್ಲ. ಆದರೆ ಮರುವರ್ಷ ಅವಳು ತಾನಾಗಿಯೇ ಹೆಸರು ಕೊಟ್ಟಳು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ದೊಡ್ಡ ಲಾಭಗಳಲ್ಲಿ ಇದೊಂದು.

ಮಾರ್ಚಿನ ಪರೀಕ್ಷೆ-1ರಲ್ಲಿ ನಮ್ಮ ಹುಡುಗಿ 625ಕ್ಕೆ 521 ಅಂಕ ಪಡೆದಳು. ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಬೇಕಿದ್ದರೆ ಫಲಿತಾಂಶ ಸುಧಾರಿಸಿಕೊಳ್ಳಬಹುದು. ಅವಳು ಅದರ ಗೋಜಿಗೆ ಹೋಗಲಿಲ್ಲ. ಎಲ್ಲವನ್ನೂ ಬಿಟ್ಟಿದ್ದರೆ 560 ಬರುತ್ತಿತ್ತು ಎಂದು ಒಬ್ಬ ಸಹೋದ್ಯೋಗಿ ಈಗಲೂ ಹೇಳುತ್ತಾರೆ. ಬರುತ್ತಿತ್ತೇನೋ. ಐದೂವರೆ ಗಂಟೆ ನಿದ್ರೆಯಲ್ಲಿ, ಇಷ್ಟಪಟ್ಟದ್ದನ್ನೆಲ್ಲ ಕಸಿದುಕೊಂಡ ಮನಸ್ಸಿನಲ್ಲಿ 480ಕ್ಕೆ ಇಳಿಯುತ್ತಿದ್ದಳೇನೋ. ಇದನ್ನು ತೂಗಿ ನೋಡುವ ತಕ್ಕಡಿ ಇಬ್ಬರ ಬಳಿಯೂ ಇಲ್ಲ. ನಾನು ಕಣ್ಣಾರೆ ಕಂಡದ್ದು ಇಷ್ಟು: ಅಕ್ಟೋಬರಿನ ನಂತರ ಅವಳು ತರಗತಿಯಲ್ಲಿ ನಿದ್ರಿಸಲಿಲ್ಲ, ಯಾರಿಗೂ ಸುಳ್ಳು ಕಾರಣ ಹೇಳಲಿಲ್ಲ.

ಬಗೆಹರಿಯದೆ ಉಳಿದದ್ದೂ ಇದೆ. ಅವಳು ಸೇರಿದ ಪದವಿಪೂರ್ವ ಕಾಲೇಜಿನಲ್ಲಿ ಹುಡುಗಿಯರ ಥ್ರೋಬಾಲ್ ತಂಡವಿಲ್ಲ. ದೂರದ ಹಾಸ್ಟೆಲಿಗೆ ಕಳುಹಿಸಲು ತಾಯಿ ಒಪ್ಪಲಿಲ್ಲ. ಅಷ್ಟು ಒಳ್ಳೆಯ ಆಟಗಾರ್ತಿಯ ಆಟ ಹದಿನಾರಕ್ಕೆ ನಿಂತುಹೋದದ್ದು ನನಗೆ ಬೇಸರದ ಸಂಗತಿ. ಹಾಲಿನ ಕ್ಯಾನು ಪರೀಕ್ಷೆ ಮುಗಿದ ಮರುವಾರವೇ ಅವಳ ಕೈಗೆ ಮರಳಿತ್ತು.

ಶಾಲೆಯಲ್ಲಿ ಈಗ ಜೂನ್ ತಿಂಗಳಲ್ಲೇ ಶಿಕ್ಷಕರ ಕೊಠಡಿಯ ಗೋಡೆಗೆ ಒಂದೇ ದೊಡ್ಡ ಹಾಳೆ ಅಂಟಿಸುತ್ತೇವೆ. ಮಗುವನ್ನು ಹೊಸ ಸ್ಪರ್ಧೆಗೆ ಸೇರಿಸುವವರು ಮೊದಲು ಅದರಲ್ಲಿ ಆ ಮಗುವಿನ ಹೆಸರಿನ ಮುಂದೆ ಏನೇನಿದೆ ಎಂದು ನೋಡಬೇಕು, ಆಮೇಲೆ ಮಗುವನ್ನು ಕೇಳಬೇಕು. ಪಂದ್ಯಕ್ಕೆ ಹೋದ ದಿನದ ಪಾಠವನ್ನು ಒಂದು ವಾರದೊಳಗೆ ಆಯಾ ವಿಷಯದ ಶಿಕ್ಷಕರು ಕೊಡಬೇಕು. ಅದಕ್ಕೆ ಹಾಜರಿ ಪುಸ್ತಕದಲ್ಲೇ ಒಂದು ಗುರುತು ಹಾಕುತ್ತೇವೆ. ಕ್ರೀಡಾಕೂಟದ ತಾರೀಕುಗಳು ತಡವಾಗಿ ಬರುವುದರಿಂದ ಹಾಳೆಯನ್ನು ಮತ್ತೆ ಮತ್ತೆ ತಿದ್ದಬೇಕಾಗುತ್ತದೆ, ಮಳೆ ರಜೆ ಬಂದರೆ ಇನ್ನೊಮ್ಮೆ. ಮನೆಗೆಲಸಕ್ಕೆಂದು ಒಂದು ಕಾಲಂ ಹಾಕಿದ್ದೇವೆ, ಅದನ್ನು ತುಂಬಿಸಲು ಮಕ್ಕಳು ಹಿಂಜರಿಯುತ್ತಾರೆ. ಹಾಗಾಗಿ ಫೆಬ್ರುವರಿಯಲ್ಲಿ ಪರೀಕ್ಷೆ ಹತ್ತಿರವಾದಾಗ ಮಾಡುತ್ತಿದ್ದ ಮನೆ ಭೇಟಿಯನ್ನು ಈ ಬಾರಿ ಜುಲೈಗೇ ತರಬೇಕೆಂದು ಮುಖ್ಯೋಪಾಧ್ಯಾಯರೂ ನಾನೂ ನಿಶ್ಚಯಿಸಿದ್ದೇವೆ, ಹತ್ತನೇ ತರಗತಿಯ ಹುಡುಗಿಯರ ಮನೆಗಳಿಗೆ ಮೊದಲು.